ಡಿಸ್ಕ್ ಇಲ್ಲದೆ ಲ್ಯಾಪ್‌ಟಾಪ್‌ಗೆ ವಿಂಡೋಸ್ ಮತ್ತೆ ಹಾಕಬಹುದಾ?

ಹಾಕಬಹುದು. ವಿಂಡೋಸ್ 10 ಹಾಕಿಯೇ ಕೊಟ್ಟಿದ್ದ ಲ್ಯಾಪ್‌ಟಾಪ್, ಈಗ ವಿಂಡೋಸ್ ಶುರು ಆಗ್ತಿಲ್ಲ, ವಿಂಡೋಸ್ ಹಾಕುವ ಡಿಸ್ಕ್ ಇಲ್ಲ ಅಂದ್ರೆ ಹೊಸ ಲೈಸೆನ್ಸ್ ತಗೋಬೇಕು ಅಂತ ಅಂಗಡಿಯವರು ಹೇಳಿದ್ದಾರೆ ಎಂದು ಬರೆದಿದ್ದೀರಿ. ಸುಮ್ನೆ ದುಡ್ಡು ಕೊಡಬೇಡಿ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಇಂಥ ಲ್ಯಾಪ್‌ಟಾಪ್‌ಗಳ ಪ್ರಾಡಕ್ಟ್ ಕೀ, ಅಂದರೆ ಲೈಸೆನ್ಸ್‌ನ ಸಂಕೇತ, ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಇರುತ್ತದೆ. ಹಾರ್ಡ್ ಡಿಸ್ಕ್ ಬದಲಿಸಿದರೂ ಅದು ಹೋಗುವುದಿಲ್ಲ. ಲೈಸೆನ್ಸ್ ದುಡ್ಡನ್ನು ನೀವು ಲ್ಯಾಪ್‌ಟಾಪ್ ಕೊಂಡಾಗಲೇ ಕೊಟ್ಟಿದ್ದೀರಿ, ಅಲ್ವಾ?

ಮೊದಲು ಒಂದು ಪ್ರಯತ್ನ ಮಾಡಿ. ಆನ್ ಮಾಡಿ, ಕಂಪನಿ ಲೋಗೋ ಬಂದ ಮೇಲೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಕವರಿ ಪರದೆ ಬರಬಹುದು. ಬಂದರೆ ಟ್ರಬಲ್‌ಶೂಟ್ ಒಳಗೆ 'ರಿಸೆಟ್ ದಿಸ್ ಪಿಸಿ' ಇರುತ್ತದೆ. ಅದರಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿ. ಫೈಲ್‌ಗಳು ಉಳಿಯುತ್ತವೆ, ನೀವು ಹಾಕಿಕೊಂಡ ಸಾಫ್ಟ್‌ವೇರ್‌ಗಳು ಹೋಗುತ್ತವೆ.

ಅದೂ ಆಗದಿದ್ದರೆ ಪೆನ್ ಡ್ರೈವ್. ಕನಿಷ್ಠ 8 ಜಿಬಿಯದ್ದು ಬೇಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಸ್ನೇಹಿತರ ವಿಂಡೋಸ್ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಸೈಟ್‌ನಿಂದ 'ಮೀಡಿಯಾ ಕ್ರಿಯೇಷನ್ ಟೂಲ್' ಇಳಿಸಿಕೊಂಡು ಓಡಿಸಿ, ಉಳಿದದ್ದನ್ನು ಅದೇ ಮಾಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಟಿಪಿಎಂ 2.0 (ಭದ್ರತೆಯ ಚಿಪ್) ಇದ್ದು ಪ್ರೊಸೆಸರ್ ಕೂಡ ಹೊಂದಿದರೆ ವಿಂಡೋಸ್ 11 ಹಾಕುವುದೇ ಮೇಲು. 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ.

ಪೆನ್ ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಬಟನ್ ಒತ್ತಿ ಬೂಟ್ ಮೆನು (ಯಾವ ಡ್ರೈವ್‌ನಿಂದ ಶುರುವಾಗಬೇಕು ಎಂದು ಆರಿಸುವ ಪಟ್ಟಿ) ತೆಗೆಯಿರಿ, ಅದರಲ್ಲಿ ಪೆನ್ ಡ್ರೈವ್ ಆರಿಸಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪ್ರಾಡಕ್ಟ್ ಕೀ ಕೇಳಿದರೆ 'ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ' ಒತ್ತಿ. ಆವೃತ್ತಿ ಕೇಳಿದರೆ ಮೊದಲು ಇದ್ದದ್ದನ್ನೇ ಆರಿಸಿ. ನಮ್ಮಲ್ಲಿ ಮಾರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇರುವುದು 'ಹೋಮ್ ಸಿಂಗಲ್ ಲ್ಯಾಂಗ್ವೇಜ್'. ಆಸೆಗೆ 'ಪ್ರೊ' ಹಾಕಿದರೆ ನಿಮ್ಮ ಕೀ ಅದಕ್ಕೆ ಆಗುವುದಿಲ್ಲ. ಸರಿಯಾದದ್ದು ಹಾಕಿದರೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಫೋಟೋ, ಫೈಲ್‌ಗಳ ಬಗ್ಗೆ. ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ (ಡ್ರೈವ್‌ನ ಭಾಗ) ಡಿಲೀಟ್ ಮಾಡಿದ ಮೇಲೆ ಅವು ಸಿಗುತ್ತವೆ ಅನ್ನುವ ಭರವಸೆ ಇಲ್ಲ. ನಾನಾದರೆ ಮೊದಲು ಪೆನ್ ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್‌ನಂಥದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ, ಬೇಕಾದದ್ದನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳುತ್ತೇನೆ. ಡ್ರೈವ್ ಲಾಕ್ ಆಗಿದೆ ಅಂದರೆ ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಇದೆ ಎಂದರ್ಥ. ಅದರ 48 ಅಂಕಿಗಳ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸಿಗುತ್ತದೆ, ಫೋನ್‌ನಲ್ಲೇ ಲಾಗಿನ್ ಆಗಿ ನೋಡಬಹುದು.

ಇನ್‌ಸ್ಟಾಲ್ ಮಾಡುವಾಗ ಡ್ರೈವೇ ಕಾಣಲಿಲ್ಲ ಅಂದರೆ ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರಾಪಿಡ್ ಸ್ಟೋರೇಜ್ ಡ್ರೈವರ್ (ವಿಂಡೋಸ್‌ಗೆ ಡ್ರೈವ್ ಕಾಣುವಂತೆ ಮಾಡುವ ಸಾಫ್ಟ್‌ವೇರ್) ಬೇರೆಯಾಗಿ ಕೊಡಬೇಕಾಗುತ್ತದೆ. ಕಂಪನಿ ಸೈಟ್‌ನಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿದರೆ ಸಿಗುತ್ತದೆ. ಪೆನ್ ಡ್ರೈವ್‌ಗೆ ಹಾಕಿ 'ಲೋಡ್ ಡ್ರೈವರ್' ಒತ್ತಿ. ಆಮೇಲೆ ವೈಫೈ ಬರದಿದ್ದರೆ ಫೋನ್‌ಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಉಳಿದ ಡ್ರೈವರ್‌ಗಳು ಹೆಚ್ಚಾಗಿ ವಿಂಡೋಸ್ ಅಪ್‌ಡೇಟ್‌ನಲ್ಲೇ ಬಂದುಬಿಡುತ್ತವೆ.

ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳಿದ್ದರೆ, ಹೊಸ ವಿಂಡೋಸ್‌ನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಹಾಳಾಗಿಲ್ಲ. ನುಡಿ ಮತ್ತೆ ಹಾಕಿ, ಫಾಂಟ್ ಬಂದ ಮೇಲೆ ಸರಿಹೋಗುತ್ತದೆ.