ಶಸ್ತ್ರಚಿಕಿತ್ಸೆಗೆ ಮೊದಲು ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಬೇಕೆ?

ತಂದೆಯವರ ಹೊಟ್ಟೆಯಲ್ಲಿ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಉಬ್ಬಿದೆ, ಮುಂದಿನ ವಾರ ಶಸ್ತ್ರಚಿಕಿತ್ಸೆ, ಕೊಲೆಸ್ಟ್ರಾಲ್ ಹಿಡಿತದಲ್ಲೇ ಇದೆ, ಹಾಗಾದರೆ ಅಟೊರ್ವಾಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಔಷಧಿ) ಮಾತ್ರೆ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ರಕ್ತನಾಳದ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿ ದುಡಿದವಳು ನಾನು. ಈ ಮಾತ್ರೆಯ ವಿಷಯ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಮಹಾಪಧಮನಿ ಕೆಟ್ಟವರಲ್ಲಿ ಹೃದಯದ ರಕ್ತನಾಳಗಳಲ್ಲೂ ಕೊಬ್ಬಿನ ಪದರ ಕಟ್ಟಿರುವುದೇ ಹೆಚ್ಚು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರಕ್ತ ಹೋಗುತ್ತದೆ, ರಕ್ತದೊತ್ತಡ ಏರಿಳಿಯುತ್ತದೆ, ಮೈಯೆಲ್ಲ ಉರಿಯೂತ ಹೆಚ್ಚುತ್ತದೆ. ಆಗ ಆ ಪದರ ಬಿರಿದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಇಂತಹವು ಹೆಚ್ಚಾಗಿ ಮೊದಲ ಎರಡು ಮೂರು ದಿನಗಳಲ್ಲೇ ಆಗುತ್ತವೆ. ನೋವಿನ ಔಷಧಿಯ ಮಂಪರಿನಲ್ಲಿ ರೋಗಿಗೆ ಎದೆನೋವು ಗೊತ್ತೇ ಆಗದಿರಬಹುದು. ಸ್ಟ್ಯಾಟಿನ್ ಕೊಲೆಸ್ಟ್ರಾಲ್ ಇಳಿಸುವುದಷ್ಟೇ ಅಲ್ಲ, ಉರಿಯೂತವನ್ನು ತಗ್ಗಿಸಿ ಆ ಪದರವನ್ನೂ ಗಟ್ಟಿ ಮಾಡುತ್ತದೆ. ವರದಿಯಲ್ಲಿ ಅಂಕಿ ಚೆನ್ನಾಗಿದೆ ಎಂದು ಮಾತ್ರೆ ಬಿಡುವುದು ತಪ್ಪು; ಅಂಕಿ ಚೆನ್ನಾಗಿರುವುದು ಬಹುಶಃ ಆ ಮಾತ್ರೆಯಿಂದಲೇ.

ಬ್ರೆಜಿಲ್‌ನಲ್ಲಿ ರಕ್ತನಾಳದ ಶಸ್ತ್ರಚಿಕಿತ್ಸೆಯ 100 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅರ್ಧ ಮಂದಿಗೆ 20 ಮಿಲಿಗ್ರಾಂ ಅಟೊರ್ವಾಸ್ಟ್ಯಾಟಿನ್, ಉಳಿದರ್ಧಕ್ಕೆ ಔಷಧಿಯಿಲ್ಲದ ಮಾತ್ರೆ, 45 ದಿನ. ಆರು ತಿಂಗಳೊಳಗೆ ಹೃದಯ ಮತ್ತು ರಕ್ತನಾಳದ ಗಂಭೀರ ತೊಂದರೆ ಕಂಡದ್ದು ಔಷಧಿ ಪಡೆದವರಲ್ಲಿ ಶೇಕಡಾ 8, ಪಡೆಯದವರಲ್ಲಿ ಶೇಕಡಾ 26. ಚಿಕ್ಕ ಅಧ್ಯಯನ, ನಿಜ. 2016ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಮೊದಲು ಸ್ಟ್ಯಾಟಿನ್ ತೆಗೆದುಕೊಳ್ಳದಿದ್ದ 648 ಮಂದಿಯಲ್ಲಿ ಅರ್ಧಕ್ಕೆ, ಬೇರೆ ಬೇರೆ ಶಸ್ತ್ರಚಿಕಿತ್ಸೆಗಳ ಮುನ್ನ, ಒಮ್ಮೆಗೇ 80 ಮಿಲಿಗ್ರಾಂ ಕೊಟ್ಟರು. ಸ್ಪಷ್ಟ ಲಾಭ ಕಾಣಲಿಲ್ಲ. ಹಾಗಾಗಿ ಕೊನೆಯ ಗಳಿಗೆಯಲ್ಲಿ ಶುರು ಮಾಡುವುದರ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ. ಮೊದಲಿನಿಂದಲೂ ತೆಗೆದುಕೊಳ್ಳುತ್ತಿರುವವರು ಮುಂದುವರಿಸಬೇಕು ಎಂಬುದರಲ್ಲಿ ಮಾತ್ರ ವೈದ್ಯರ ಮಾರ್ಗಸೂಚಿಗಳಿಗೆ ಅನುಮಾನವಿಲ್ಲ.

ನನ್ನ ಚಿಂತೆ ಶಸ್ತ್ರಚಿಕಿತ್ಸೆಯ ನಂತರದ ದಿನಗಳದು. ಕಾಲಿನ ಬೈಪಾಸ್ ಆದ ಒಬ್ಬ ಹಿರಿಯರ ಔಷಧಿ ಪಟ್ಟಿ ಈಗಲೂ ಕಣ್ಣ ಮುಂದಿದೆ. ಮೇಲೆ ‘ಬಾಯಿಂದ ಏನೂ ಬೇಡ’ ಎಂದು ಬರೆದಿತ್ತು. ಬೇರೆ ಔಷಧಿಗಳೆಲ್ಲ ಇಂಜೆಕ್ಷನ್‌ಗೆ ಬದಲಾಗಿದ್ದವು. ಸ್ಟ್ಯಾಟಿನ್ ಇಂಜೆಕ್ಷನ್ ರೂಪದಲ್ಲಿ ಸಿಗುವುದಿಲ್ಲ; ಆ ಸಾಲಿನಲ್ಲಿ ನಾಲ್ಕು ದಿನದ ನಾಲ್ಕು ಚೌಕಗಳಲ್ಲೂ ಬರೀ ಅಡ್ಡಗೆರೆ. ಮೂಗಿನ ಕೊಳವೆ ಹಾಕಿಯೇ ಇತ್ತು, ಮಾತ್ರೆ ಪುಡಿ ಮಾಡಿ ಅದರಲ್ಲಿ ಕೊಡಬಹುದೇ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಮಹಾಪಧಮನಿಯ ಶಸ್ತ್ರಚಿಕಿತ್ಸೆಯ ನಂತರ ನಾಲ್ಕು ದಿನಕ್ಕಿಂತ ಹೆಚ್ಚು ಸ್ಟ್ಯಾಟಿನ್ ತಪ್ಪಿದವರಲ್ಲಿ ಹೃದಯದ ಸ್ನಾಯುವಿಗೆ ಹಾನಿ ಹೆಚ್ಚು ಎಂದು 2007ರ ಫ್ರೆಂಚ್ ಅಧ್ಯಯನವೊಂದು ತೋರಿಸಿತ್ತು. ಅದನ್ನು ಓದಿದ ಮೇಲೆ ಆ ಅಡ್ಡಗೆರೆಗಳು ನನ್ನನ್ನು ಇನ್ನಷ್ಟು ಕಾಡಿದವು.

ಆದ್ದರಿಂದ ಈಗಲೇ ಅರಿವಳಿಕೆ ವೈದ್ಯರನ್ನು ಕೇಳಿ: ಶಸ್ತ್ರಚಿಕಿತ್ಸೆಯ ದಿನ ಮಾತ್ರೆ ಯಾವಾಗ, ಮರುದಿನ ಹೇಗೆ? ತಂದೆಯವರಿಗೆ ವಿಪರೀತ ಸ್ನಾಯು ನೋವು ಅಥವಾ ಕಡುಗಂದು ಮೂತ್ರ ಕಂಡರೆ ತಕ್ಷಣ ತಿಳಿಸಿ, ಆಗ ನಿಲ್ಲಿಸುವ ತೀರ್ಮಾನ ವೈದ್ಯರದು. ಕ್ಲಾರಿಥ್ರೊಮೈಸಿನ್‌ನಂತಹ ಆಂಟಿಬಯೋಟಿಕ್ ಕೊಟ್ಟರೂ ಸ್ಟ್ಯಾಟಿನ್ ನಡೆಯುತ್ತಿದೆ ಎಂದು ನೆನಪಿಸಿ. ಮನೆಗೆ ಕಳುಹಿಸುವ ದಿನ ಡಿಸ್ಚಾರ್ಜ್ ಪತ್ರದಲ್ಲಿ ಅದರ ಹೆಸರು ಹುಡುಕಿ. ಇಲ್ಲದಿದ್ದರೆ ವಾರ್ಡ್ ಬಿಡುವ ಮೊದಲೇ ಕಾರಣ ಕೇಳಿ.