ಬಾಹ್ಯಾಕಾಶದಲ್ಲಿ ಬೆಂಕಿ ಉರಿಯುತ್ತದೆಯೇ?

ಪ್ರಶ್ನೆ: ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ ರಾಕೆಟ್ ಹೇಗೆ ಉರಿಯುತ್ತದೆ? ಸೂರ್ಯ ಹೇಗೆ ಉರಿಯುತ್ತಿದ್ದಾನೆ?

ಉತ್ತರ: ಸೂರ್ಯನದು ಬೆಂಕಿಯೇ ಅಲ್ಲ. ಹೈಡ್ರೋಜನ್ ಪರಮಾಣುಗಳ ಬೀಜಕೇಂದ್ರಗಳು ಬೆಸೆದು ಹೀಲಿಯಂ ಆಗುವಾಗ ಹೊಮ್ಮುವ ಶಕ್ತಿ ಅದು, ಆಮ್ಲಜನಕ ಬೇಡ. ರಾಕೆಟ್ಟಿಗೆ ಬೇಕು, ಅದನ್ನು ಬುತ್ತಿಯಂತೆ ಕಟ್ಟಿಕೊಂಡೇ ಹೋಗುತ್ತದೆ. 2023ರಲ್ಲಿ ಚಂದ್ರಯಾನ-3ನ್ನು ಒಯ್ದ ಎಲ್‌ವಿಎಂ3 ರಾಕೆಟ್ಟಿನ ಮೇಲಿನ ಹಂತ ಹೊತ್ತಿಕೊಂಡದ್ದು ನೂರು ಕಿಲೋಮೀಟರಿಗಿಂತ ಎಷ್ಟೋ ಎತ್ತರದಲ್ಲಿ. ಅದರಲ್ಲಿ ಒಂದು ಕಿಲೋ ದ್ರವ ಹೈಡ್ರೋಜನ್ನಿಗೆ ಸುಮಾರು 5 ಕಿಲೋ ದ್ರವ ಆಮ್ಲಜನಕ ಖರ್ಚಾಗುತ್ತದೆ.

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದ ಒಳಗೆ ಮೇಣದಬತ್ತಿ ಹಚ್ಚಿದರೆ?

ಉತ್ತರ: ಹತ್ತುತ್ತದೆ. ಒಳಗಿನ ಗಾಳಿಯಲ್ಲಿ ನಮ್ಮಲ್ಲಿರುವಂತೆಯೇ ಸುಮಾರು ಶೇ 21ರಷ್ಟು ಆಮ್ಲಜನಕವಿದೆ. ಆದರೆ ಜ್ವಾಲೆಯ ಗುರುತೇ ಸಿಗದು. ದೇವರ ಮುಂದಿನ ದೀಪ ನೋಡಿ: ಬಿಸಿಗಾಳಿ ಹಗುರಾಗಿ ಮೇಲೇರುತ್ತದೆ, ಬುಡದಿಂದ ಹೊಸ ಗಾಳಿ ನುಗ್ಗುತ್ತದೆ. ಕುಡಿ ನೀಳವಾಗಿ ನಿಲ್ಲುವುದು ಇದರಿಂದಲೇ. ಹಳದಿ ಬಣ್ಣ ಕಾದು ಹೊಳೆಯುವ ಮಸಿಕಣಗಳದು. ನಿಲ್ದಾಣದಲ್ಲಿ ಮೇಲೆ, ಕೆಳಗೆ ಎಂಬುದಿಲ್ಲ. ಬಿಸಿಗಾಳಿ ಬತ್ತಿಯ ಸುತ್ತಲೇ ಉಳಿಯುತ್ತದೆ, ಆಮ್ಲಜನಕ ಎಲ್ಲ ಕಡೆಯಿಂದ ನಿಧಾನಕ್ಕೆ ಹರಡಿಕೊಂಡು ಬರಬೇಕು. ಹಾಗಾಗಿ ಮಂಕು ನೀಲಿಯ ದುಂಡು ಜ್ವಾಲೆ, ಮಸಿ ತೀರಾ ಕಡಿಮೆ.

ಪ್ರಶ್ನೆ: ಅಲ್ಲಿ ಬೆಂಕಿ ಬಿದ್ದರೆ ಆರಿಸುವುದು ಹೇಗೆ?

ಉತ್ತರ: ನೀರು ಹುಡುಕುವ ಮೊದಲು ಫ್ಯಾನ್ ನಿಲ್ಲಿಸಬೇಕು. ಒಳಗಿನ ಗಾಳಿಯನ್ನು ಆಡಿಸಲು ಫ್ಯಾನುಗಳು ಸದಾ ತಿರುಗುತ್ತಿರುತ್ತವೆ. ಬೆಂಕಿಗೆ ಅದೇ ತಿದಿ. ಜೊತೆಗೆ ಆ ಭಾಗದ ವಿದ್ಯುತ್ ಕಡಿಯಬೇಕು, ಉಸಿರಾಟದ ಮುಖವಾಡ ತೊಡಬೇಕು. ಆಮೇಲೂ ಉರಿಯುತ್ತಿದ್ದರೆ ಇಂಗಾಲದ ಡೈಆಕ್ಸೈಡ್ ಅಥವಾ ನೀರಿನ ಮಂಜು ಚಿಮ್ಮಿಸುವ ಸಿಲಿಂಡರ್ ಬಳಸುತ್ತಾರೆ. ಇಲ್ಲೊಂದು ತೊಡಕಿದೆ. ಹೊಗೆ ಚಾವಣಿಗೆ ಏರುವುದಿಲ್ಲವಾದ್ದರಿಂದ ಹೊಗೆ ಪತ್ತೆ ಉಪಕರಣಗಳನ್ನು ಗಾಳಿ ಸಾಗುವ ಕೊಳವೆಗಳಲ್ಲಿ ಇಟ್ಟಿರುತ್ತಾರೆ. ಫ್ಯಾನ್ ನಿಂತರೆ ಹೊಗೆ ಅಲ್ಲಿಗೆ ತಲುಪುವುದೇ ಕಷ್ಟ. ಆಗ ಕಣ್ಣು, ಮೂಗನ್ನೇ ನಂಬಬೇಕು.

ಫ್ಯಾನ್ ನಿಲ್ಲಿಸುವ ಉಪಾಯವೂ ಎಲ್ಲ ಬೆಂಕಿಗೆ ನಡೆಯದು. 1997ರ ಫೆಬ್ರವರಿಯಲ್ಲಿ ರಷ್ಯಾದ ಮೀರ್ ನಿಲ್ದಾಣದಲ್ಲಿ ಆರು ಮಂದಿ ಇದ್ದಾಗ ಹೊತ್ತಿಕೊಂಡದ್ದು ಆಮ್ಲಜನಕ ಉತ್ಪಾದಿಸುವ ಡಬ್ಬಿ. ಅದರೊಳಗಿನ ಲಿಥಿಯಂ ಪರ್‌ಕ್ಲೋರೇಟ್ ಕಾದರೆ ಆಮ್ಲಜನಕ ಬಿಡುತ್ತದೆ. ರಾಕೆಟ್ಟಿನಂತೆ ಈ ಬೆಂಕಿಯೂ ತನ್ನ ಬುತ್ತಿ ತಾನೇ ತಂದಿತ್ತು. ಮರಳಲು ಇದ್ದ ಎರಡು ಸೋಯುಜ್ ನೌಕೆಗಳಲ್ಲಿ ಒಂದರ ದಾರಿಗೆ ಬೆಂಕಿಯೇ ಅಡ್ಡವಾಗಿತ್ತು. ಸಿಬ್ಬಂದಿ ಸಿಲಿಂಡರ್ ಮೇಲೆ ಸಿಲಿಂಡರ್ ಖಾಲಿ ಮಾಡಿದರು. ಡಬ್ಬಿಯಲ್ಲಿದ್ದದ್ದು ಮುಗಿಯುವವರೆಗೆ ಗೋಡೆ ಕರಗದಂತೆ ತಣ್ಣಗಿಡುವುದೇ ಅವರ ಕೈಲಿದ್ದ ಕೆಲಸವಾಗಿತ್ತು.