ಠಾಣೆ ಬಂತು, ಓಣಿ ಬರಲಿಲ್ಲ

ಪ್ರಿಯ ಮಿತ್ರರೇ, ನಮಸ್ಕಾರ.

ನೀವು ಕಳಿಸಿದ, ಬಳ್ಳಾರಿಯ ಕೌಲ್ ಬಜಾರ್ ಪೊಲೀಸ್ ಠಾಣೆಯ ಇತಿಹಾಸದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಮಾತ್ರ ಬಿಡಬೇಡಿ. ಬಳ್ಳಾರಿಯ ಕೋಟೆ, ಗಣಿ, ಚುನಾವಣೆ ಬಗ್ಗೆ ನಮಗೆ ಬರಹಗಳು ಬರುತ್ತಲೇ ಇರುತ್ತವೆ. ಒಂದು ಠಾಣೆ, ಅದರ ಸರಹದ್ದಿನ ಜನ, ಇಬ್ಬರೂ ತಲೆಮಾರುಗಟ್ಟಲೆ ಅಕ್ಕಪಕ್ಕ ಬದುಕಿದ ಬಗೆ, ಇದನ್ನು ಬರೆಯಲು ಕೈಹಾಕಿದವರು ಕಡಿಮೆ. ಅದಕ್ಕೇ ಉದ್ದ ಪತ್ರ ಬರೆಯುತ್ತಿದ್ದೇನೆ.

ದೊಡ್ಡ ದೂರು ಮೊದಲು ಹೇಳುತ್ತೇನೆ. ನಿಮ್ಮ ಲೇಖನದಲ್ಲಿ ಅಧಿಕಾರಿಗಳ ಹೆಸರಿದೆ, ವರ್ಗಾವಣೆಯ ವಿವರವಿದೆ, ಕಟ್ಟಡದ ರಿಪೇರಿ ಕೂಡ ಇದೆ. ಜನ ಎಲ್ಲಿ? ಅವರು ಆರೋಪಿಗಳಾಗಿ ಮಾತ್ರ ಒಳಗೆ ಬರುತ್ತಾರೆ. ದೂರು ಕೊಡಲು ಬಂದವರು, ಪಂಚರಾಗಿ ಸಹಿ ಹಾಕಿದವರು, ಹಬ್ಬದ ಮುಂಚೆ ಶಾಂತಿ ಸಭೆಗೆ ಬಂದು ಕೂತ ಹಿರಿಯರು, ಯಾರೂ ಇಲ್ಲ. ಕೌಲ್ ಬಜಾರ್ ದಂಡಿನ (ಬ್ರಿಟಿಷ್ ಸೇನಾ ನೆಲೆಯ) ನೆರಳಲ್ಲಿ ಬೆಳೆದ ಪೇಟೆ. ಅಲ್ಲಿ ಒಂದೇ ಓಣಿಯಲ್ಲಿ ಉರ್ದು, ತೆಲುಗು, ಕನ್ನಡ ಮೂರೂ ಕೇಳಿಸುತ್ತವೆ. ಸಿಪಾಯಿಗಳ ಬಟ್ಟೆ ಹೊಲಿಯುತ್ತಿದ್ದ ದರ್ಜಿಗಳ ಕಸುಬೇ ಮುಂದೆ ಬಳ್ಳಾರಿಯ ಜೀನ್ಸ್ ಆಯಿತು ಅಂತ ಊರಲ್ಲಿ ಹೇಳುತ್ತಾರೆ. ರೈಲ್ವೆಯ ಮೊದಲನೇ ಗೇಟು, ಎರಡನೇ ಗೇಟು ಅಂದರೆ ಇಡೀ ಊರಿಗೆ ಗೊತ್ತು. ನಿಮ್ಮ ಲೇಖನದಲ್ಲಿ ಇದ್ಯಾವುದೂ ಇಲ್ಲ. ರಾತ್ರಿ ಬೀಟಿಗೆ ಹೋಗುವ ಪೇದೆಗೆ ಈ ಪೇಟೆ ಗೊತ್ತಿರುತ್ತದೆ ಅಲ್ವಾ? ಓದುಗರಿಗೂ ಅಷ್ಟಾದರೂ ಗೊತ್ತಾಗಬೇಕು.

ಇನ್ನು ಇತಿಹಾಸದ ತಪ್ಪುಗಳು. ‘1861ರಲ್ಲಿ ಮೈಸೂರು ಸರ್ಕಾರ ಇಲ್ಲಿ ಪೊಲೀಸ್ ಇಲಾಖೆ ತೆರೆಯಿತು’ ಎಂದು ಬರೆದಿದ್ದೀರಿ. ಬಳ್ಳಾರಿ ಆಗ ಮೈಸೂರಿನದಲ್ಲ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ಇದು ಮದ್ರಾಸಿನ ಆಳ್ವಿಕೆ. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅದಕ್ಕೂ ಮುಂಚೆ ಕಾವಲು ಕಾಯುತ್ತಿದ್ದವರು ಪಾಳೆಗಾರರ ಆಳುಗಳು ಮತ್ತು ಹಳ್ಳಿಯ ತಳವಾರರು. 1816ರ ಕಾಯ್ದೆಯಿಂದ ಪೊಲೀಸ್ ಕೆಲಸ ಕಲೆಕ್ಟರ್, ತಹಶೀಲ್ದಾರ್, ಊರಗೌಡರ ಕೈಗೆ ಹೋಯಿತು. ಕಂದಾಯ ವಸೂಲಿ ಮಾಡುವವರೂ ಅವರೇ, ಕಳ್ಳನನ್ನು ಹಿಡಿಯುವವರೂ ಅವರೇ. ಏನಾಗುತ್ತದೆ ಹೇಳಿ? ಕಂದಾಯ ಕಟ್ಟದ ರೈತನ ಬೆರಳು ಹಿಂಡುವುದು, ಬೆನ್ನು ಬಗ್ಗಿಸಿ ಬಿಸಿಲಲ್ಲಿ ನಿಲ್ಲಿಸುವುದು, ಇವೆಲ್ಲ ನಡೆದವು. ಮದ್ರಾಸ್ ಸರ್ಕಾರವೇ ನೇಮಿಸಿದ ಚಿತ್ರಹಿಂಸೆ ಆಯೋಗ 1855ರಲ್ಲಿ ಇದನ್ನು ಬರೆದಿಟ್ಟಿದೆ. ಅದಾದ ಮೇಲೆ 1859ರ ಮದ್ರಾಸ್ ಪೊಲೀಸ್ ಕಾಯ್ದೆ ಬಂತು. ಕಂದಾಯದಿಂದ ಬೇರೆಯಾದ, ಜಿಲ್ಲೆಗೊಬ್ಬ ಸೂಪರಿಂಟೆಂಡೆಂಟ್ ಇರುವ ಪೊಲೀಸ್ ವ್ಯವಸ್ಥೆ ಆಗ ಹುಟ್ಟಿತು. ನೀವು ಹೇಳುವ 1861ರಲ್ಲಿ ಬಂದ ಪೊಲೀಸ್ ಕಾಯ್ದೆ ಇದಕ್ಕಿಂತ ಆಮೇಲಿನದು. ನಿಮ್ಮ ಲೇಖನ ಶುರುವಾಗಬೇಕಾದದ್ದು ಈ ರೈತನಿಂದ. ಪೊಲೀಸ್ ಠಾಣೆ ಯಾಕೆ ಬಂತು ಎಂಬ ಪ್ರಶ್ನೆಗೆ ಉತ್ತರ ಅವನ ಬೆರಳಲ್ಲಿದೆ.

ನಡುವೆ ಎಲ್ಲೋ ಪೊಲೀಸ್ ಅಧಿಕಾರಿಗಳನ್ನು ಕೊತ್ವಾಲ, ಅಮೀನ್ ಅಂತ ಬರೆದಿದ್ದೀರಿ. ಅದು ರಾಯಚೂರು, ಕೊಪ್ಪಳದ ಕಡೆಯ ಕಥೆ. ಅವು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನದಿ ದಾಟಿದರೆ ಆಡಳಿತವೇ ಬೇರೆ ಇತ್ತು. ಎರಡನ್ನೂ ಕಲಸಬೇಡಿ.

ಈಗ ನನಗೆ ನಿಜಕ್ಕೂ ನೋವಾದ ಜಾಗಕ್ಕೆ ಬರುತ್ತೇನೆ. ನಾಲ್ಕನೇ ಪುಟದಲ್ಲಿ ಕೊರಚ ಸಮುದಾಯದವರನ್ನು ‘ಕಳ್ಳತನವನ್ನೇ ಕುಲಕಸುಬು ಮಾಡಿಕೊಂಡವರು’ ಎಂದಿದ್ದೀರಿ. ಹಳೆಯ ಇಂಗ್ಲಿಷ್ ವರದಿಯಿಂದ ಎತ್ತಿದ ಸಾಲು ಅದು ಅಂತ ನೋಡಿದರೇ ಗೊತ್ತಾಗುತ್ತದೆ. ಸಾಹೇಬರು ಬರೆದಿದ್ದನ್ನು ಇವತ್ತು ನಾವು ನಮ್ಮ ಮಾತಾಗಿ ಹೇಳಬಾರದು. ಈ ಜನ ಕತ್ತೆ, ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತಂದು, ವಾಪಸ್ ಹೋಗುವಾಗ ಕಾಳು ಒಯ್ಯುತ್ತಿದ್ದ ವ್ಯಾಪಾರಿಗಳು. ಸರ್ಕಾರ ಉಪ್ಪನ್ನು ತನ್ನ ಹಿಡಿತಕ್ಕೆ ತಗೊಂಡಿತು, ರೈಲು ಬಂತು, ಆ ವ್ಯಾಪಾರ ಮುರಿದುಬಿತ್ತು. 1876–78ರ ಬರ ಈ ಸೀಮೆಯನ್ನೇ ತಿಂದುಹಾಕಿತು. ಹೀಗೆ ದಾರಿ ಕಳೆದುಕೊಂಡವರನ್ನು 1911ರ ಅಪರಾಧಿ ಬುಡಕಟ್ಟು ಕಾಯ್ದೆ ಮದ್ರಾಸ್ ಪ್ರಾಂತ್ಯದಲ್ಲಿ ಪಟ್ಟಿಗೆ ಸೇರಿಸಿತು. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಬೇಕು. ಹುಟ್ಟಿದ ಮಗುವಿಗೂ ಅದೇ ಹಣೆಪಟ್ಟಿ. ಮದ್ರಾಸ್ ಪ್ರಾಂತ್ಯದಲ್ಲಿ 1947ರಲ್ಲಿ, ಇಡೀ ದೇಶದಲ್ಲಿ 1952ರಲ್ಲಿ ಕಾಯ್ದೆ ರದ್ದಾಯಿತು. ಆದರೆ ಊರಲ್ಲಿ ಏನಾದರೂ ಕಳುವಾದರೆ ಮೊದಲು ಯಾರ ಬಾಗಿಲು ಬಡಿಯುತ್ತಿದ್ದರು? ಇದನ್ನು ಹೋಗಿ ಕೇಳಿ. ಅವರ ಮನೆಯ ಹಿರಿಯರ ಹತ್ತಿರವೂ ಕೇಳಿ, ನಿವೃತ್ತ ಪೇದೆಗಳ ಹತ್ತಿರವೂ ಕೇಳಿ. ಎರಡೂ ಕಡೆಯ ಮಾತು ಬಂದರೆ ನಿಮ್ಮ ಲೇಖನಕ್ಕೆ ಜೀವ ಬರುತ್ತದೆ. ಆ ಸಾಲು ಉಳಿದರೆ ನಾವು ಇದನ್ನು ಯಾವತ್ತೂ ಹಾಕುವುದಿಲ್ಲ.

ಇದೇ ಎಚ್ಚರಿಕೆ ಹಳೆಯ ಕೇಸುಗಳಿಗೂ ಬೇಕು. ಆರೋಪಿಗಳ ಪೂರ್ತಿ ಹೆಸರು, ತಂದೆ ಹೆಸರು, ಓಣಿ ಎಲ್ಲ ಕೊಟ್ಟಿದ್ದೀರಿ. ಖುಲಾಸೆಯಾದವರೂ ಅದರಲ್ಲಿದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳು ಅದೇ ಓಣಿಯಲ್ಲಿ ಇರಬಹುದು. ಹೆಸರು ತೆಗೆಯಿರಿ.

ಬಳ್ಳಾರಿಯ ಅಲ್ಲೀಪುರ ಜೈಲಿಗೆ ನೀವು ಕೊಟ್ಟಿರುವುದು ಎರಡೇ ಸಾಲು. 1921ರ ನವೆಂಬರ್‌ನಲ್ಲಿ ಕೇರಳದ ತಿರೂರಿನಿಂದ ಮುಚ್ಚಿದ ರೈಲು ಡಬ್ಬಿಯಲ್ಲಿ ಸಾಗಿಸಿದ, ಮಲಬಾರಿನ ಮಾಪ್ಪಿಳ್ಳೆ ದಂಗೆಯ ಕೈದಿಗಳಲ್ಲಿ ಸುಮಾರು 70 ಜನ ಉಸಿರುಕಟ್ಟಿ ಸತ್ತರು. ಅವರನ್ನು ಕರೆತರುತ್ತಿದ್ದುದು ಬಳ್ಳಾರಿ ಜೈಲಿಗೆ. ದೂರದ ಊರಿನವರಿಗೆ ಬಳ್ಳಾರಿ ಅಂದರೆ ಜೈಲು ಅಂತಲೇ ಅನಿಸುತ್ತಿದ್ದ ಕಾಲ ಅದು. ಇದಕ್ಕೆ ಒಂದು ಪ್ಯಾರಾ ಆದರೂ ಬೇಕು.

1953ರ ಬಗ್ಗೆ ಒಂದೂ ಮಾತಿಲ್ಲದ್ದು ನನಗೆ ಆಶ್ಚರ್ಯ. ಆ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕನ್ನಡದ ಪರ, ಆಂಧ್ರದ ಪರ ಅಂತ ಊರು ಎರಡು ಪಾಲಾಗಿ ನಿಂತಿತ್ತು. ಕನ್ನಡದ ಪರ ದುಡಿದ ಪಿಂಜಾರ ರಂಜಾನ್ ಸಾಬ್ ಆ ದಿನಗಳಲ್ಲೇ ಸಂಭ್ರಮದ ಚಪ್ಪರ ಕಾಯುತ್ತಿದ್ದಾಗ ಆಸಿಡ್ ದಾಳಿಗೆ ಬಲಿಯಾದರು. ಪೊಲೀಸ್ ಇತಿಹಾಸ ಬರೆಯುವವರು ಇದನ್ನು ದಾಟಿ ಹೋಗುವ ಹಾಗಿಲ್ಲ. ಮದ್ರಾಸ್ ಪೊಲೀಸರಾಗಿದ್ದವರು ಮೈಸೂರು ಪೊಲೀಸರಾದರು. ಮೇಲಧಿಕಾರಿ ಕೂರುವ ಊರೇ ಬದಲಾಯಿತು. ಅಕ್ಕಪಕ್ಕದ ಮನೆಯವರೇ ಎರಡು ಬಣವಾಗಿದ್ದ ಆ ದಿನಗಳಲ್ಲಿ ಬೀಟಿನ ಪೇದೆ ಯಾರ ಜೊತೆ ಹೇಗೆ ಮಾತಾಡಿದ? ಇಂಥದ್ದು ಕಾಗದದಲ್ಲಿ ಜಾಸ್ತಿ ಸಿಗುವುದಿಲ್ಲ. ಮನೆಗಳಲ್ಲಿ ಸಿಗುತ್ತದೆ. ಕಾಗದಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಿ. ಮದ್ರಾಸ್ ಪೊಲೀಸ್ ಆಡಳಿತದ ವಾರ್ಷಿಕ ವರದಿಗಳನ್ನು ಅಲ್ಲಿ ಕೇಳಿ.

ಭಾಷೆಯ ಬಗ್ಗೆ ಒಂದು ಮಾತು. ‘ಸದರಿ ಸ್ಥಳದಲ್ಲಿ ಸಾರ್ವಜನಿಕರು ಜಮಾಯಿಸಿದ್ದು ಕಂಡುಬಂದಿರುತ್ತದೆ’ ಎಂಬುದು ಪಂಚನಾಮೆಗೆ ಸರಿ. ಲೇಖನದಲ್ಲಿ ‘ಜನ ಸೇರಿದ್ದರು’ ಸಾಕು. ನಮ್ಮ ಬಳ್ಳಾರಿ ರಾಘವ ವಕೀಲರು, ಜೊತೆಗೆ ದೊಡ್ಡ ನಟರು. ಕೋರ್ಟಿನ ಮಾತು ಬೇರೆ, ರಂಗದ ಮಾತು ಬೇರೆ ಅಂತ ಅವರಿಗೆ ಗೊತ್ತಿತ್ತು.

ಒಂದು ಪುಟ ಮಾತ್ರ ನನಗೆ ತುಂಬಾ ಇಷ್ಟವಾಯಿತು. ದಫೇದಾರರಾಗಿದ್ದ ನಿಮ್ಮ ತಂದೆಯ ಬಗ್ಗೆ, ಪೊಲೀಸ್ ಕ್ವಾರ್ಟರ್ಸಿನ ಬಗ್ಗೆ ಬರೆದ ಕೊನೆಯ ಪುಟ. ಗಲಾಟೆಯಾದ ರಾತ್ರಿ ಅಪ್ಪ ಬರುವವರೆಗೆ ಅಮ್ಮ ಒಲೆ ಆರಿಸುತ್ತಿರಲಿಲ್ಲ ಎಂದಿದ್ದೀರಿ. ಯಾರನ್ನು ಅಪ್ಪ ಬೆಳಿಗ್ಗೆ ಬೈದು ಕಳಿಸಿದ್ದರೋ ಅವರೇ ಸಂಜೆ ಮದುವೆ ಕಾರ್ಡ್ ತಂದುಕೊಟ್ಟದ್ದನ್ನೂ ಬರೆದಿದ್ದೀರಿ. ಇಷ್ಟು ಒಳ್ಳೆಯ ಸಂಗತಿಯನ್ನು ನಾಲ್ಕು ಸಾಲಲ್ಲಿ ಮುಗಿಸಿ, ‘ಇದು ವೈಯಕ್ತಿಕ, ಕ್ಷಮಿಸಿ’ ಅಂತ ಯಾಕೆ ಬರೆದಿರಿ? ಕ್ಷಮೆ ಬೇಡ. ಅದನ್ನು ಬೆಳೆಸಿ. ಠಾಣೆಗೂ ಓಣಿಗೂ ನಡುವೆ ಇದ್ದ ಮನೆ ನಿಮ್ಮದು. ಎರಡೂ ಕಡೆ ನೋಡಿದವರು ನೀವು.

ಎಸ್‌ಪಿಗಳ ಪಟ್ಟಿ ಪೂರ್ತಿ ತೆಗೆಯಿರಿ. ಪುಟ ಜಾಸ್ತಿಯಾದರೂ ಪರವಾಗಿಲ್ಲ, ಎರಡು ಸಂಚಿಕೆಗೆ ಹಂಚಿ ಹಾಕೋಣ. ಕ್ವಾರ್ಟರ್ಸಿನ ಹಳೆಯ ಫೋಟೊ ಇದ್ದರೆ ಕಳಿಸಿ. ಚೆನ್ನೈಗೆ ಹೋಗುವ ಮುಂಚೆ ತಾಯಿಯವರ ಹತ್ತಿರ ಕೂತು ಎಲ್ಲ ಕೇಳಿ ಬರೆದುಕೊಳ್ಳಿ. ಮೊದಲ ಕರಡು ಆದ ಕೂಡಲೇ ನನಗೇ ನೇರವಾಗಿ ಕಳಿಸಿ, ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ